ಕೊಂಬು ಮೂಡಿದ ಇರುವೆಗಳೂ ನಾನೂ

ಇದರಲ್ಲಿ ಒಂದಕ್ಷರ ಸುಳ್ಳಿಲ್ಲ. ಬೇಕಾದರೆ ಉರಿಯುವ ಕರ್ಪೂರ ಅಂಗೈಲಿಟ್ಟುಕೊಂಡು ಹೇಳುತ್ತೇನೆ. ಹಿಂದೂಪುರದ ಒಂದು ಕಾಲೇಜಿನಲ್ಲಿ ನಾನು ಲ್ಯಾಬ್ ಅಟೆಂಡರ್ ಆಗಿದ್ದೆ. ಸಾವಿನ ಪಕ್ಕದಲ್ಲೇ ನಗು ಬಂದು ಕೂರುವಂಥ ಸಂಗತಿಗಳು ನನ್ನನ್ನೇ ಹುಡುಕಿಕೊಂಡು ಬರುತ್ತವೆ, ಏನು ಮಾಡಲಿ?

೧. ಮರ ಹತ್ತಿದವನು

ಎರಡು ಸಾವಿರದ ಐದೋ ಆರೋ ಇರಬೇಕು. ನಮ್ಮ ಸಸ್ಯಶಾಸ್ತ್ರದ ಮೇಡಂ ಪಿಎಚ್‌ಡಿಗೆ ಹಿಡಿದದ್ದು ಇರುವೆ ಕೊಲ್ಲುವ ಬೂಷ್ಟು. ಅದು ಇರುವೆಯ ಮೈಹೊಕ್ಕು, ಗಿಡ ಹತ್ತಿಸಿ, ಎಲೆಯ ನರ ಕಚ್ಚಿಸಿ, ಅಲ್ಲೇ ಕೊಂದು, ತಲೆಯಿಂದ ಕೊಂಬಿನ ಹಾಗೆ ಹೊರಬರುತ್ತದೆ. ಹಿಂದೂಪುರದ ಬೂಷ್ಟೂ ಕಲ್ಯಾಣದುರ್ಗದ್ದೂ ನೋಡಲು ಒಂದೇ. ಒಳಗೆ ಬೇರೆ ಬೇರೆ ಜಾತಿ ಅಂತ ಮೇಡಂ ಹಟ. "ಡಿಎನ್‌ಎಯಲ್ಲಿ ಎರಡಾಗದಿದ್ರೆ ಆರು ವರ್ಷದ ಕೆಲಸ ಒಲೆಗೆ ಹಾಕಮ್ಮ" ಅಂದುಬಿಟ್ಟಿದ್ದರು ಗೈಡು.

ಸತ್ತ ಇರುವೆ ಹುಡುಕುವುದರಲ್ಲಿ ಈ ಸೀಮೆಯಲ್ಲೇ ನನ್ನ ಮೀರಿಸುವವರಿಲ್ಲ. ಐವತ್ತೆರಡನೇ ವಯಸ್ಸಲ್ಲಿ ಹೊಂಗೆ ಮರ ಹತ್ತಿ, ಬಿದ್ದು, ಕೈ ಮುರಿದುಕೊಂಡೆ. ಬೂಷ್ಟಿನ ಕತೆ ಕೇಳಿದ ಹೆಂಡತಿ ನನ್ನ ಕಟ್ಟು ನೋಡಿ ಅಂದಳು: "ತಲೇಗೆ ಹೊಕ್ಕು ಮರ ಹತ್ತಿಸ್ತದಾ? ಹಂಗಾದ್ರೆ ನಿಮ್ಗೂ ಹಿಡ್ದದೆ. ಕೊಂಬು ಬರೋದೊಂದು ಬಾಕಿ."

೨. ಸ್ಮಶಾನದಲ್ಲಿ ವಿಚಾರಣೆ

ಕಲ್ಯಾಣದುರ್ಗದಲ್ಲಿ ನಮಗೆ ಬೇಕಾದ ತೇವದ ನೆರಳು ಇದ್ದದ್ದು ಸ್ಮಶಾನದ ತೋಪಲ್ಲಿ. ಮಳೆ ಬಿಟ್ಟ ಬೆಳಿಗ್ಗೆ ನಾನೂ ಮೇಡಮ್ಮೂ ಭೂತಗನ್ನಡಿ ಹಿಡಿದು ಬಗ್ಗಿದ್ದಾಗ ಹೆಣ ಬಂತು. ಚಟ್ಟದ ಹಿಂದೆ ಬಂದ ಮುದುಕರೊಬ್ಬರು "ಏಂ ಎತಕ್ತಾಂಡಾರಪ್ಪಾ?" ಅಂತ ತೆಲುಗಲ್ಲಿ ಕೇಳಿದರು, ಏನು ಹುಡುಕ್ತಿದೀರಿ ಅಂತ. ಸತ್ತ ಇರುವೆ ಹುಡುಕ್ತಿದೀವಿ, ಹೇಗೆ ಸತ್ತವು ಅಂತ ನೋಡಬೇಕು ಅಂದೆ.

ಮುದುಕರು ಕನ್ನಡಕ್ಕೆ ತಿರುಗಿದರು: "ನಮ್ಮಣ್ಣ ಹೆಂಗ್ ಸತ್ತ ಅಂತ ಯಾವ ಡಾಕ್ಟ್ರೂ ಹೇಳ್ನಿಲ್ಲ ಕಣಪ್ಪ. ಇರುವೇಗೆ ಇಬ್ರು ಬಂದವ್ರೆ! ಅದು ಮುಗುದ್ಮೇಲೆ ಇವ್ನನ್ನೂ ಒಂದ್ಸಲ ನೋಡ್ಬುಡ್ರಿ."

೩. ಮೂರನೆಯದು

ಆಯುಧಪೂಜೆಗೆ ಲ್ಯಾಬಿನ ಸಾಮಾನಿಗೆಲ್ಲ ವಿಭೂತಿ, ಕುಂಕುಮ ಇಡುವುದು ನನ್ನ ಹಕ್ಕು. ಹಿಂದೂಪುರದ ಇರುವೆಗಳ ಸೀಸೆಗೆ ಕುಂಕುಮ ಇಡುವಾಗ ಎಣ್ಣೆಗೈಯಿಂದ ಜಾರಿ ಒಡೆಯಿತು. ಅರ್ಧ ಇರುವೆ ಮೋರಿ ಪಾಲು. ನಾನು ಬಾಯಿ ಬಿಡಲಿಲ್ಲ. ಸೋಮಂದೇಪಲ್ಲಿಯ ಹುಣಸೆ ಮರವೊಂದರಿಂದ ಅಂಥದೇ ಕೊಂಬಿನವನ್ನು ತಂದು, ಉಳಿದವುಗಳ ಜೊತೆ ಬೆರೆಸಿ ಹೊಸ ಸೀಸೆ ತುಂಬಿಸಿದೆ.

ಬೆಂಗಳೂರಿಂದ ಡಿಎನ್‌ಎ ವರದಿ ಬಂತು. ಮೇಡಂ ಕುಣಿದರು: "ಕಲ್ಯಾಣದುರ್ಗದ್ದು ಬೇರೇನೇ! ಅಷ್ಟೇ ಅಲ್ಲ ಅಣ್ಣಾ, ಹಿಂದೂಪುರದ ಸೀಸೇಲೇ ಎರಡು ಜಾತಿ! ಒಂದನ್ನ ಇದುವರೆಗೆ ಯಾರೂ ಕಂಡೇ ಇಲ್ಲ!"

ಸುಮ್ಮನಿದ್ದರೆ ಪುಸ್ತಕಕ್ಕೆ ತಪ್ಪು ಊರು ಸೇರುತ್ತದೆ. ಎಲ್ಲ ಹೇಳಿಬಿಟ್ಟೆ. ಮೇಡಂ ಗಳಗಳ ಅತ್ತರು. ಆಮೇಲೆ, "ನಡೀರಿ, ಆ ಮರ ತೋರಿಸಿ" ಅಂದರು.

ಮರ ಇರಲಿಲ್ಲ. ರಸ್ತೆ ಅಗಲ ಮಾಡಲು ಕಡಿದು, ಬುಡಕ್ಕೂ ಬೆಂಕಿ ಇಟ್ಟಿದ್ದರು. ಮೇಡಂ ಬೂದಿ ನೋಡುತ್ತಾ ನಿಂತರು. "ನಾಮಕರಣಕ್ಕೆ ಮುಂಚೇನೇ ತಿಥಿ ಮಾಡಿಬಿಟ್ರಲ್ಲ ಅಣ್ಣಾ."

ಸುತ್ತಲ ಮರಗಳಲ್ಲಿ ಎರಡು ಮಳೆಗಾಲ ಹುಡುಕಿದೆವು. ಒಂದೂ ಸಿಗಲಿಲ್ಲ. ಸೀಸೆಯಲ್ಲಿದ್ದವನ್ನು ಡಿಎನ್‌ಎಗೆಂದು ಆಗಲೇ ಅರೆದು ಮುಗಿಸಿದ್ದರು. ಹಿಂದೂಪುರದ್ದನ್ನು ಹೊಸದಾಗಿ ಆರಿಸಿ ತಂದು, ಎರಡೇ ಜಾತಿ ಬರೆದು ಮೇಡಂ ಡಾಕ್ಟರಾದರು. ಮೂರನೆಯದಕ್ಕೆ ಹೆಸರೇ ಇಲ್ಲ.

ಇಷ್ಟರಲ್ಲಿ ಒಂದೇ ಒಂದು ಸಣ್ಣ ವಿವರ ನಾನು ಕಟ್ಟಿದ್ದು. ಗಳಗಳ ಅತ್ತದ್ದು ಮೇಡಂ ಅಲ್ಲ. ಕರ್ಚೀಫು ಮಾತ್ರ ಅವರದು.