ವೆಬ್‌ಸೈಟಿಗೆ ಅರ್ಚನೆ ಮಾಡಿಸಿದ ಮಾವ

ನಮ್ಮ ನೆಂಟರಲ್ಲಿ ಯಾರಾದರೂ ತೀರಿಕೊಂಡರೆ ಆ ಸುದ್ದಿಯನ್ನು ನನ್ನ ಸೋದರಮಾವನಿಗೆ ಮಾತ್ರ ಮುಟ್ಟಿಸುವುದಿಲ್ಲ. ಅವರದು ಕಲ್ಲುಮನಸ್ಸೆಂದಲ್ಲ, ಅವರ ಬಳಿ ಒಂದು ವೆಬ್‌ಸೈಟ್ ಇದೆ, ಅದಕ್ಕೆ!

ಚನ್ನಪಟ್ಟಣದಲ್ಲಿ ಮಾವನದು ಒಂದೇ ಲೇತಿನ ಗೊಂಬೆ ಅಂಗಡಿ. ಅದರಲ್ಲಿ ಹಾಲೆ ಮರ ಕಡೆದು, ಅರಗಿನ ಬಣ್ಣ ಕೊಟ್ಟು, ಜೀವಮಾನವಿಡೀ ಬುಗುರಿ, ಗಿಲಕಿ ಮಾಡಿದವರು. ಹೆದ್ದಾರಿ ಊರಾಚೆಯಿಂದ ಹೋದ ಮೇಲೆ ಗಿರಾಕಿಗಳೂ ಆಚೆಯಿಂದಲೇ ಹೋದರು. ದೀಪಾವಳಿಯೊಳಗೆ ನಾಲ್ಕು ಆರ್ಡರ್ ಬರದಿದ್ದರೆ ಲೇತು ಮಾರಿ ಹಾರೋಹಳ್ಳಿಯ ಕಾರ್ಖಾನೆಗೆ ಗೇಟು ಕಾಯಲು ಹೋಗಬೇಕೆಂದು ಅತ್ತೆ ಗಡುವು ಕೊಟ್ಟರು. ತತ್ತ್ವಶಾಸ್ತ್ರದಲ್ಲಿ ಎಂ.ಎ. ಮಾಡಿ ಎಲ್ಲವನ್ನೂ ಅನುಮಾನಿಸುವ ನಾನು ಅವತ್ತು ಮಾತ್ರ ಅನುಮಾನಿಸದೆ, ‘ವೆಬ್‌ಸೈಟ್ ಮಾಡೋಣ ಮಾವ’ ಎಂದುಬಿಟ್ಟೆ. ಅಥವಾ ಅವರೇ ಅಂದರೋ? ನನ್ನ ನೆನಪಿನ ಮೇಲೆ ನನಗೇ ಭರವಸೆಯಿಲ್ಲ. ತಪ್ಪು ಅವರದೇ ಎಂದು ಇಟ್ಟುಕೊಳ್ಳೋಣ.

ಮೊದಲು ಕಬ್ಬಾಳಮ್ಮನ ಗುಡಿಯಲ್ಲಿ ಅರ್ಚನೆ. ‘ಯಾರ ಹೆಸರಿಗೆ?’ ಎಂದರು ಪೂಜಾರಿ. ಮಾವ ವೆಬ್‌ಸೈಟ್ ವಿಳಾಸದ ಚೀಟಿ ಕೊಟ್ಟರು. ಪೂಜಾರಿ ಎರಡು ಸಲ ಓದಿ, ‘ನಕ್ಷತ್ರ?’ ಎಂದರು.

‘ಹೋದ್ ಸೋಮ್ವಾರ ಹುಟ್ತು ಸ್ವಾಮಿ, ನೀವೇ ಲೆಕ್ಕ ಹಾಕ್ಕೊಳಿ.’

‘ಗಂಡೋ ಹೆಣ್ಣೋ?’

‘ಇನ್ನೂ ಯಾರೂ ನೋಡಿಲ್ಲ!’

ಆಮೇಲೆ ಆನ್‌ಲೈನ್ ಪ್ರಚಾರ. ಕನಕಪುರದ ನೆಂಟರ ವಾಟ್ಸಾಪ್ ಗುಂಪಿನಲ್ಲಿ ಅಜ್ಜಿಯೊಬ್ಬರು ತೀರಿಕೊಂಡ ಸುದ್ದಿ ಬಂತು. ಮಾವ ಬರೆದರು: ‘ಆತ್ಮಕ್ಕೆ ಶಾಂತಿ ಸಿಗಲಿ. ಮಕ್ಕಳ ಆಟಿಕೆಗಳಿಗಾಗಿ ಒಮ್ಮೆ ನಮ್ಮ ವೆಬ್‌ಸೈಟಿಗೆ ಭೇಟಿ ಕೊಡಿ.’ ತಕ್ಷಣ ಗುಂಪಿನಿಂದ ಹೊರಗೆ!

‘ಮಾವ, ಸಾವಿನಲ್ಲೂ ವ್ಯಾಪಾರವೇ?’ ಎಂದೆ.

‘ತಿಥಿಗೆ ಮೊಮ್ಮಕ್ಕಳು ಬರಾಕಿಲ್ವೇನ್ಲಾ? ಬಂದವು ಸುಮ್ಕೆ ಕೂತಿರ್ತವಾ?’



ಮಾಗಡಿ ಕಡೆಯ ಗುಡೇಮಾರನಹಳ್ಳಿಯಲ್ಲಿ ಒಂದು ಮದುವೆ. ನಾಮಕರಣವಿದ್ದರೂ ಇರಬಹುದು, ಊಟವಂತೂ ಇತ್ತು. ಮಾವ ಅಲ್ಲಿ ಒಂದು ಚೀಲ ಬುಗುರಿ ಹಂಚಿದರು. ಪ್ರತಿಯೊಂದರ ಹೊಟ್ಟೆಯ ಸುತ್ತ ಕೈಯಾರೆ ಬರೆದ ವೆಬ್‌ಸೈಟ್ ವಿಳಾಸ. ಜನ ಬುಗುರಿ ಆಡಿಸಿದರು. ವಿಳಾಸ ಒಂದು ಅಂದವಾದ ಕೆಂಪು ಗೆರೆಯಾಯಿತು! ‘ನಿಂತ್ಮೇಲೆ ಓದ್ಕೋತಾರೆ ಬುಡು’ ಎಂದರು ಮಾವ. ಆದರೆ ಮಾವ ಕಡೆದ ಬುಗುರಿ ಅಷ್ಟು ಬೇಗ ನಿಲ್ಲುತ್ತದೆಯೇ? ಅಷ್ಟರಲ್ಲಿ ಪಂಕ್ತಿಗೆ ಕರೆದರು, ಎಲ್ಲರೂ ಎದ್ದು ಹೋದರು. ಖಾಲಿ ಚಪ್ಪರದಲ್ಲಿ ಬುಗುರಿಗಳು ತಿರುಗುತ್ತಲೇ ಇದ್ದವು.

ದೀಪಾವಳಿ ಬಂತು, ಹೋಯಿತು. ಒಂದೇ ಒಂದು ಆರ್ಡರ್ ಬರಲಿಲ್ಲ. ಬಂದದ್ದು ಒಂದೇ ಪತ್ರ: ‘ನಿಮ್ಮ ವೆಬ್‌ಸೈಟಿಗೆ ನಾವು ಪ್ರಚಾರ ಮಾಡಿಕೊಡುತ್ತೇವೆ!’

ಲೇತು ಮಾರಿದ್ದಾಯಿತು. ಮಾವ ಹಾರೋಹಳ್ಳಿಯ ಕೆಲಸಕ್ಕೆ ಸೇರುವ ಹಿಂದಿನ ದಿನ ಬರಿದಾದ ಅಂಗಡಿಯಲ್ಲಿ ಅವರ ಜೊತೆ ಕೂತು, ‘ವೆಬ್‌ಸೈಟ್ ಮುಚ್ಚಿಬಿಡಲಾ ಮಾವ?’ ಎಂದು ಕೇಳಿದೆ.

‘ಮುಚ್ಬೇಡ ಕಣ್ಲಾ. ಯಾರಾದ್ರೂ ಬಂದ್ಬುಟ್ರೆ? ಪಾಪ, ಬಾಗ್ಲು ಹಾಕಿರೋದ್ ಕಂಡ್ರೆ ಬೇಜಾರ್ ಮಾಡ್ಕೋತಾರೆ. ಒಸಿ ಆಚೆ ಹೋಗಿವ್ನಿ, ಕೂತಿರಿ, ಬತ್ತೀನಿ ಅಂತ ಬರಿ.’

ಬರೆದೆ.

‘ಓದು.’

ಓದಿದೆ.

‘ಜೋರಾಗ್ ಓದ್ಲಾ, ಲೇತ್ ಸದ್ದಲ್ಲಿ ಕೇಳಾಕಿಲ್ಲ.’

ಲೇತು ಇದ್ದ ಕಡೆ ನೆಲದಲ್ಲಿ ನಾಲ್ಕು ಬೋಲ್ಟಿನ ತೂತುಗಳಿದ್ದವು. ದನಿಯೆತ್ತಿ, ಬೀದಿಗೆಲ್ಲ ಕೇಳುವಂತೆ, ಮತ್ತೊಮ್ಮೆ ಓದಿದೆ.