ನಾಳೆ ಬರುವ ಗಿರಾಕಿಯ ಗಿಟಾರು

ಡ್ರೊಂಯ್ಯ್... ಡ್ರೊಂಯ್ಯ್... ಡ್ರೊಂಯ್ಯ್... ಎಣಿಸಿ ಆರು ಸಲ! ಪ್ರತಿ ಶುಕ್ರವಾರ ಬೆಳಿಗ್ಗೆ ನಮ್ಮ ಮನೆಯ ಮುಂದಿನ ಅಂಗಡಿಯಿಂದ ಈ ಸದ್ದು ಎದ್ದರೆ, ಅದಿರು ತುಂಬಿಕೊಂಡು ಓಡುತ್ತಿದ್ದ ಟಿಪ್ಪರುಗಳ ಹಾರ್ನು ಕೂಡ ಒಂದು ಗಳಿಗೆ ನಾಚಿ ಸುಮ್ಮನಾಗುತ್ತಿತ್ತು. ಆ ಕಾಲದ ಹೊಸಪೇಟೆಯಲ್ಲಿ ಟಿಪ್ಪರುಗಳನ್ನು ನಾಚಿಸುವುದೆಂದರೆ ಸಾಮಾನ್ಯ ಸಾಧನೆಯೇ? ಆ ಸಾಧಕ ನನ್ನ ಮೈದುನ, ರೇಡಿಯೋ ರಿಪೇರಿಯವನು. ಒಂದೇ ಒಂದು ಗಿಟಾರನ್ನು ಮೂವತ್ತು ವರ್ಷ ರಿಪೇರಿಗೆ ಇಟ್ಟುಕೊಂಡ ಭೂಪ ಈ ಭೂಮಂಡಲದಲ್ಲಿ ಅವನೊಬ್ಬನೇ ಎಂದು ಚಾಲೆಂಜ್ ಮಾಡಿ ಹೇಳುತ್ತೇನೆ.

ರಿಪೇರಿಯಾದರೂ ಎಂಥದ್ದು? ನಾನು ಮದುವೆಯಾಗಿ ಬಂದ ಹೊಸತು. ಹಂಪಿಯಲ್ಲಿ ಬೀಡುಬಿಟ್ಟಿದ್ದ ಗಡ್ಡದ ಫಾರಿನರ್ ಒಬ್ಬ ಈ ಎಲೆಕ್ಟ್ರಿಕ್ ಗಿಟಾರ್ ತಂದುಕೊಟ್ಟ. ಒಳಗೊಂದು ವೈರು ಕಿತ್ತುಹೋಗಿತ್ತು, ಅಷ್ಟೆ. ಕಾನ್ವೆಂಟಿನಲ್ಲಿ ಓದಿದ ಸೊಸೆ ಎಂದು ನನ್ನನ್ನೇ ಇಂಟರ್‌ಪ್ರಿಟರ್ ಮಾಡಿ ನಿಲ್ಲಿಸಿದರು. ಆತ "ಟುಮಾರೋ" ಎಂದ. ನಾನು "ನಾಳೆ ಬರ್ತಾನಂತೆ" ಎಂದೆ. ನನ್ನ ಜೀವನದ ಮೊದಲ ಟ್ರಾನ್ಸ್‌ಲೇಷನ್ ಅದು. ಸಂಜೆಯೊಳಗೆ ವೈರು ಬೆಸುಗೆಯಾಯಿತು. ನಾಳೆ ಮಾತ್ರ ಬರಲೇ ಇಲ್ಲ!

ಹಾಗೆಂದು ಮೈದುನ ಬಿಟ್ಟಾನೆಯೇ? ವಾರಕ್ಕೊಮ್ಮೆ ಗಿಟಾರಿನ ಧೂಳು ಒರೆಸಿ, ವೈರನ್ನು ಹಳೇ ವಾಲ್ವ್ ರೇಡಿಯೋಗೆ ಸಿಕ್ಕಿಸಿ, ಆರು ತಂತಿಗಳನ್ನು ಒಂದೊಂದೇ ಮೀಟಿ ಮತ್ತೆ ಗೋಡೆಗೆ ತೂಗುಹಾಕುತ್ತಿದ್ದ. ಏಳನೆಯ ಸದ್ದು ಯಾರೂ ಕೇಳಿದ್ದಿಲ್ಲ.

"ಒಂದು ಹಾಡಾದರೂ ಕಲೀಬಾರದೇನೋ?" ಎಂದರೆ ಗಾಬರಿಯಾಗುತ್ತಿದ್ದ.

"ಛೇ ಛೇ! ಗಿರಾಕಿ ಮಾಲು ವೈನಿ. ನಾ ನುಡಿಸಿದ್ರ ಸವೀತದ. ಉಸಿರು ಅದನೋ ಇಲ್ಲೋ ಅಂತ ನೋಡ್ತೀನಿ, ಅಷ್ಟ."

ಆಮೇಲೆ ಬಂತಲ್ಲ, ಅದಿರಿನ ಕಾಲ! ಶೇಂಗಾ ಬೆಳೆಯುತ್ತಿದ್ದ ಹೊಲದಲ್ಲಿ ಅದಿರಿನ ಗುಡ್ಡೆ. ನಿನ್ನೆ ಸೈಕಲ್ ತುಳಿಯುತ್ತಿದ್ದವನ ಮನೆ ಮುಂದೆ ಎರಡು ಟಿಪ್ಪರು. ಕೆಂಪಗಿದ್ದ ಮಣ್ಣೆಲ್ಲ ಮಾರಾಟಕ್ಕಿತ್ತು. ಯಾರದ್ದು ಎಂದು ಕೇಳುವ ಪುರುಸೊತ್ತು ಯಾರಿಗಿತ್ತು? ಅಂಥ ದಿನಗಳಲ್ಲೊಮ್ಮೆ ಸಂಡೂರು ಕಡೆಯ ಅದಿರು ಧಣಿಯೊಬ್ಬರ ಅಳಿಯ ಅಜ್ಜನ ಕಾಲದ ರೇಡಿಯೋ ಹಿಡಿದು ಅಂಗಡಿಗೆ ಬಂದ. ಗೋಡೆಯ ಮೇಲಿನ ಗಿಟಾರ್ ನೋಡಿದ. ರೇಡಿಯೋ ಮರೆತ! ಗಿಟಾರನ್ನು ಹಸುಗೂಸಿನಂತೆ ಎರಡೂ ಕೈಯಲ್ಲಿ ಇಳಿಸಿಕೊಂಡ.

"ಅಂಕಲ್, ಇದು ವಿಂಟೇಜ್ ಪೀಸ್ ರಿ! ಇಂಥಾ ಮರ ಈಗ ಸಿಗಂಗಿಲ್ಲ. ಒಳಗಿನ ಕಾಯಿಲ್ ಕೈಲೆ ಸುತ್ಯಾರ. ಹೊಸಾದು ನೂರು ತಂದ್ರೂ ಈ ದನಿ ಬರಂಗಿಲ್ಲ. ಹೊರಗ ನಿಂತದಲ್ರೀ ನನ್ನ ಕಾರು, ಕೀಲಿ ಇಲ್ಲೇ ಇಡ್ತೀನಿ. ನಾ ಬಸ್ಸಿಗೆ ಹೋಗ್ತೀನಿ!"

ಕಾಫಿ ಕೊಡಲು ಬಂದಿದ್ದ ನಾನು ಹೊರಗೆ ಇಣುಕಿದೆ. ಕಾರು! ಏಸಿ ಇರುವ ಕಾರು!

ಮೈದುನ ತಲೆ ಎತ್ತಲಿಲ್ಲ. "ಕಾರಿನ್ಯಾಗ ಹೋಗ್ರಿ. ಬಿಸಿಲು ಭಾಳ ಅದ. ಇದು ನಂದಲ್ರಿ."

"ಮತ್ಯಾರ್ದು?"

"ಗಿರಾಕೀದು. ನಾಳಿ ಬರ್ತಾರ."

ನಿಜ ಹೇಳುತ್ತೇನೆ, ಆ ದಿನ ಇಬ್ಬರ ತಲೆಯ ಬಗ್ಗೆಯೂ ನನಗೆ ಡೌಟ್ ಬಂತು. ಆದರೆ ಒಂದು ಯೋಚನೆ ಮಾತ್ರ ಒಳಗೆ ಕೂತುಬಿಟ್ಟಿತು: ಕಾರಿನಷ್ಟು ಬೆಲೆಬಾಳುವ ವಸ್ತು ಹೀಗೆ ಭಿಕಾರಿಯಂತೆ ಇರುವುದೇ? ಬಣ್ಣ ಮಾಸಿತ್ತು, ವಾರ್ನಿಷ್ ತುಂಬ ಕೂದಲೆಳೆಯ ಬಿರುಕು, ತೋಳು ಊರುವಲ್ಲಿ ಒಳಗಿನ ಮರ ಕಾಣುವಷ್ಟು ಸವೆದಿತ್ತು. ಗಿಟಾರಿನ ಯಜಮಾನ ಬಂದು ನೋಡಿದರೆ ನಮ್ಮ ಮರ್ಯಾದೆ ಏನಾಗಬೇಕು? ಕ್ಲೀನ್ಲಿನೆಸ್ ಈಸ್ ನೆಕ್ಸ್ಟ್ ಟು ಗಾಡ್ಲಿನೆಸ್ ಎಂದು ಕಾನ್ವೆಂಟಿನ ಸಿಸ್ಟರುಗಳು ನನ್ನ ತಲೆಗೆ ತುಂಬಿದ್ದು ಸುಮ್ಮನೆಯೇ?

ಅಷ್ಟರಲ್ಲಿ ಆಯುಧಪೂಜೆ ಬಂತು. ಮೈದುನ ಮೈಕ್ ಸೆಟ್ ರಿಪೇರಿಗೆಂದು ಚೋರನೂರಿಗೆ ಹೋಗಿ ಎರಡು ದಿನ ಅಲ್ಲೇ ಉಳಿದ. ನಾನು ಗಿಟಾರನ್ನು ಹಳೇ ಸೀರೆಯಲ್ಲಿ ಸುತ್ತಿ, ಆಟೋ ಹತ್ತಿ ಚಿತ್ತವಾಡ್ಗಿಯ ಲಾರಿ ಪೇಂಟರ್ ಹತ್ತಿರ ಹೋದೆ. ಪೂಜೆಗೆ ಮೊದಲು ಮೈಗೆ ಹೊಸ ಬಣ್ಣ ಬಳಿಸಿಕೊಳ್ಳಲು ಟಿಪ್ಪರುಗಳು ಅಲ್ಲಿ ಸಾಲುಗಟ್ಟಿದ್ದವು. ಪೇಂಟರ್ ಸೀರೆ ಬಿಚ್ಚಿ ನೋಡಿ ಕೇಳಿದ:

"ಅಮ್ಮಾರ, ಇದು ಎಷ್ಟು ಟನ್ನಿನ ಗಾಡಿರೀ?"

"ತಮಾಷೆ ಸಾಕಪ್ಪ. ಹೊಸದರಂತೆ ಕಾಣಬೇಕು."

"ಯೋಚ್ನಿ ಬ್ಯಾಡ್ರಿ. ಮಸ್ತ್ ಮಾಡಿ ಕೊಡ್ತೀನಿ."

ಕೊಟ್ಟ! ಪಾಲಿಶ್ ಪೇಪರಿನಿಂದ ಉಜ್ಜಿ, ಪುಟ್ಟಿ ಮೆತ್ತಿ, ಟಿಪ್ಪರಿನ ಕೇಸರಿ ಬಣ್ಣ ಹೊಡೆದಿದ್ದ. ಎರಡು ಬದಿಗೂ ಕಮಲ. ಬೆನ್ನಿನ ಮೇಲೆ 'ನಿಧಾನವೇ ಪ್ರಧಾನ'. ದೃಷ್ಟಿಗೆಂದು ತಂತಿ ಬಿಗಿಸುವ ಕಿವಿಗಳಿಗೆ ನಿಂಬೆಹಣ್ಣು, ಮೆಣಸಿನಕಾಯಿ. ಅವನ್ನು ಅವನು ಫ್ರೀ ಕೊಟ್ಟಿದ್ದು!

ಪೂಜೆಯ ಬೆಳಿಗ್ಗೆ ಆ ಅಳಿಯ ಇನ್ನೊಮ್ಮೆ ಕೇಳಿ ನೋಡೋಣವೆಂದು ಬಂದ. ನಾನು ಹೆಮ್ಮೆಯಿಂದ ತೋರಿಸಿದೆ. ಅವನು ಅಂಗಡಿಯ ಮೆಟ್ಟಿಲ ಮೇಲೆ ತಲೆಗೆ ಕೈಹೊತ್ತು ಕೂತುಬಿಟ್ಟ.

"ಆಂಟಿ, ಹಂಪಿ ಮಂಟಪಕ್ಕ ಡಿಸ್ಟೆಂಪರ್ ಹೊಡೆದಂಗ ಆತಲ್ರೀ! ಆ ಬಿರುಕ, ಆ ಸವೆದ ಬಣ್ಣನ ಅದರ ಕಿಮ್ಮತ್ತು. ಆ ಮನಷ್ಯಾನ ತೋಳು ವರ್ಷಗಟ್ಟಲೆ ಊರಿ ಊರಿ ಆದ ಗುರುತು ಅದು. ಉಜ್ಜಿಬಿಟ್ರಿ!"

ಮಧ್ಯಾಹ್ನ ಮೈದುನ ಬಂದ. ಗೋಡೆ ನೋಡಿದ. ನಿಂಬೆಹಣ್ಣು ಬಿಚ್ಚಿ ಪಕ್ಕಕ್ಕಿಟ್ಟು ಆರು ತಂತಿ ಮೀಟಿದ. ಉಸಿರೇನೋ ಇತ್ತು. ಆಮೇಲೆ ತೋಳು ಸವೆದಿದ್ದ ಜಾಗವನ್ನು ಬೆರಳಿನಿಂದ ಹುಡುಕಿದ. ನುಣ್ಣಗಿತ್ತು. ನನ್ನ ಕಡೆ ತಿರುಗಿ ಒಂದೇ ಮಾತು ಕೇಳಿದ:

"ಅವ್ರು ಗುರ್ತು ಹಿಡೀತಾರೇನ್ ವೈನಿ?"

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅಳುತ್ತಲೇ ಇಂಗ್ಲಿಷಿನಲ್ಲಿ ಒಂದು ಚೀಟಿ ಬರೆದೆ: ಸರ್, ಇದು ನನ್ನ ತಪ್ಪು, ದಯವಿಟ್ಟು ಕ್ಷಮಿಸಿ. ಓದಿಸಿಕೊಂಡವನೇ ಬೇಡವೆಂದು ತಲೆಯಾಡಿಸಿದ.

"ನಿಮ್ಮ ಹೆಸರು ಬ್ಯಾಡ. ಅಂಗಡಿ ತಪ್ಪು ಅಂತ ಬರೀರಿ. ಗಿರಾಕಿ ಮಾಲು ಕೊಟ್ಟಿದ್ದು ಅಂಗಡೀಗೆ."

ಅಲ್ಲಿಗೆ ಅವನು ಅಂಗಡಿಯಲ್ಲಿ ಕಾಯುವುದನ್ನು ಬಿಟ್ಟ. ಆ ಫಾರಿನರ್ ಬಂದು, ಕೇಸರಿ ಗಿಟಾರ್ ನೋಡಿ, ಇದು ನನ್ನದಲ್ಲ ಎಂದು ಹಾಗೇ ಹೊರಟುಹೋದರೆ? ಅದಕ್ಕೇ ಚಳಿಗಾಲದಲ್ಲಿ ಫಾರಿನರುಗಳು ಬರತೊಡಗಿದರೆ ಇವನೇ ಹೆಗಲಿಗೆ ಗಿಟಾರ್ ಏರಿಸಿ ಹಂಪಿ ಬಸ್ಸು ಹತ್ತುತ್ತಿದ್ದ. ಕಡ್ಡಿರಾಂಪುರದ ಹೋಟೆಲುಗಳಿಂದ ಶುರುಮಾಡಿ, ಬಿಳಿ ಗಡ್ಡ ಕಂಡಲ್ಲೆಲ್ಲ ನಿಂತು ತೋರಿಸುವುದು! ಭಿಕ್ಷೆಗೆ ಬಂದವನೆಂದು ಒಬ್ಬಳು ಮೇಡಂ ಹತ್ತು ರೂಪಾಯಿ ಕೊಟ್ಟಳಂತೆ. "ಚಿಲ್ರಿ ವಾಪಸ್ ಕೊಟ್ಟೆ ವೈನಿ" ಎಂದು ಬಂದು ಹೇಳಿದ. ನಗಬೇಕೋ ಅಳಬೇಕೋ?

ಮೂರನೆಯ ಚಳಿಗಾಲ. ಮಗಳ ಬಾಣಂತನಕ್ಕೆ ಹುಬ್ಬಳ್ಳಿಗೆ ಹೊರಟ ದಿನ ನಾನೂ ಬಸ್ ಸ್ಟ್ಯಾಂಡಿನಲ್ಲಿದ್ದೆ. ನಾನು ಹಿಂತಿರುಗುವಷ್ಟರಲ್ಲಿ ಅವನು ಇರಲಿಲ್ಲ. ಹೃದಯ ನಿಂತಿತು ಎಂದರು ಡಾಕ್ಟರು. ಹಾಗಾಗಿ ಅವನನ್ನು ಕಂಡದ್ದು ಅದೇ ಕಡೆಯ ಸಲ. ಹಂಪಿ ಬಸ್ಸಿನ ಕಿಟಕಿ ಪಕ್ಕ ಕೂತಿದ್ದ, ಮಡಿಲಲ್ಲಿ ಗಿಟಾರು.

"ವೈನೀ, 'ಇದು ನಿಮ್ದೇನ್ರಿ' ಅನ್ನೋದನ್ನ ಇನ್ನೊಮ್ಮೆ ಹೇಳ್ರಿ, ನಾಲಿಗಿಗೆ ಕುಂದ್ರವಲ್ದು."

"ಈಸ್ ದಿಸ್ ಯುವರ್ಸ್, ಸರ್?"

ಬಸ್ಸು ಹೊರಟಿತು. ಕಿಟಕಿಯಲ್ಲಿ ಅವನ ತುಟಿಗಳು ಅಲುಗುತ್ತಲೇ ಇದ್ದವು, ನಾಳೆ ಪರೀಕ್ಷೆಯಿರುವ ಮಗುವಿನಂತೆ.