ಹುಳುಮನೆಯಲ್ಲಿ ಹುಟ್ಟಿದ ನಮ್ಮ ಮೊದಲ ಆಲ್ಬಂ

ನಲವತ್ತು ದಾಟಿದ ಮೇಲೆ ಮನುಷ್ಯನಿಗೆ ಏನಾದರೊಂದು ಹತ್ತಿಕೊಳ್ಳುತ್ತದೆ. ಕೆಲವರಿಗೆ ಸಕ್ಕರೆ ಕಾಯಿಲೆ, ಕೆಲವರಿಗೆ ವೇದಾಂತ. ನನಗೆ ಬ್ಯಾಂಡು ಹತ್ತಿಕೊಂಡಿತು. ಬೈರಕೂರಿನಲ್ಲಿ ಮನೆ, ಮುಳಬಾಗಿಲಿನಲ್ಲಿ ಗಣಿತದ ಮೇಷ್ಟ್ರ ಕೆಲಸ, ತಲೆಯ ಮೇಲೆ ಅಳಿದುಳಿದ ನಾಲ್ಕು ಕೂದಲು. ಇಂಥವನು ‘ಕರೆಂಟ್ ಬಂತು’ ಎಂಬ ನ್ಯೂ ವೇವ್ ಪಾಪ್ ಬ್ಯಾಂಡಿನ ಗಾಯಕ ಎಂದರೆ ನೀವು ನಗುತ್ತೀರಿ. ನಗಿ, ಪರವಾಗಿಲ್ಲ. ನನ್ನ ಹೆಂಡತಿ ಸರೋಜ ನಕ್ಕಷ್ಟು ನಗಲು ನಿಮ್ಮಿಂದಾಗದು. ಬ್ಯಾಂಡಿನ ಉಳಿದರ್ಧ ಮಸ್ತಾನ್. ಮುಳಬಾಗಿಲಿನಲ್ಲಿ ಟೈಲರ್ ಅಂಗಡಿ ಇಟ್ಟಿದ್ದಾನೆ. ಒಡೆದುಹೋದ ಮದುವೆ ಆರ್ಕೆಸ್ಟ್ರಾ ಒಂದರಿಂದ ಅವನ ಪಾಲಿಗೆ ಬಂದದ್ದು ಒಂದು ಹಳೆಯ ಸಿಂಥಸೈಜರ್. ಒಂದು ಗುಂಡಿ ಒತ್ತಿದರೆ ಚಳಿಗೆ ನಡುಗುವಂಥ ನಾದ, ಇನ್ನೊಂದು ಒತ್ತಿದರೆ ಟಕ್ ಟಕ್ ತಾಳ. ನ್ಯೂ ವೇವ್ ಅಂದರೇನು ಎಂದು ಸ್ಟಾಫ್ ರೂಮಿನಲ್ಲಿ ಯಾರೋ ಕೇಳಿದರು. ಎದೆ ಒಡೆದವನು ಅಳುತ್ತಾ ಕೂರದೆ ಕುಣಿಯುವುದು ಎಂದೆ. ‘ಕುಣಿಯೋರು ನೀವೇನಾ?’ ಎಂದು ಒಮ್ಮೆ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಅವರು ತರಗತಿಗೆ ಹೋದರು.

ಎಂಟು ಹಾಡು ಕೂಡಿಸಿದ್ದಾಯಿತು, ಆಲ್ಬಮ್ಮಿಗೆ ‘ಕೊನೇ ಬಸ್ಸು ಹೋಯ್ತು’ ಎಂದು ಹೆಸರೂ ಇಟ್ಟಾಯಿತು. ಸಿಂಥಸೈಜರಿನದು ತೊಂದರೆಯಿಲ್ಲ. ಅದರ ನಾದ ತಂತಿಯಲ್ಲೇ ಹರಿದು ಕಂಪ್ಯೂಟರಿನೊಳಗೆ ಹೋಗುತ್ತದೆ, ಹೆಡ್‌ಫೋನ್ ಹಾಕಿಕೊಂಡವರಿಗಷ್ಟೇ ಕೇಳುತ್ತದೆ. ತೊಂದರೆ ನನ್ನ ಗಂಟಲಿನದು. ಅದಕ್ಕೆ ಸದ್ದಿಲ್ಲದ ಕೋಣೆ ಬೇಕು. ನಡುಮನೆಯಲ್ಲಿ ಹಾಡಿದರೆ ವಿರಹದ ನಡುವೆ ಕುಕ್ಕರ್ ಕೂಗುತ್ತದೆ. ಮಸ್ತಾನನ ಅಂಗಡಿಯಲ್ಲಿ ಹೊಲಿಗೆ ಯಂತ್ರ. ರಸ್ತೆಯಲ್ಲಿ ಟೊಮೇಟೊ ಟೆಂಪೋಗಳ ಹಾರನ್ನು. ಕೊನೆಗೆ ನನ್ನ ಕಣ್ಣು ಬಿದ್ದದ್ದು ಸರೋಜಳ ಹುಳುಮನೆಯ ಮೇಲೆ. ನಮ್ಮ ಮನೆಯಲ್ಲಿ ರೇಷ್ಮೆ ಪೂರ್ತಿ ಅವಳ ಖಾತೆ. ಹಿಪ್ಪುನೇರಳೆ ತೋಟದ ನಡುವೆ ದಪ್ಪ ಗೋಡೆಯ ಮನೆ, ಬಾಗಿಲಿಗೆ ಗೋಣಿತಾಟಿನ ಪರದೆ. ಆದರೆ ಹುಳು ಸೊಪ್ಪು ತಿನ್ನುವಾಗ ಅಲ್ಲೂ ಸೋನೆ ಹಿಡಿದಂತೆ ಚರಚರ ಸದ್ದು. ನಿಶ್ಶಬ್ದ ಸಿಗುವುದು ಜ್ವರದಲ್ಲಿ ಮಾತ್ರ. ಹುಳು ಹಳೆಯ ಚರ್ಮ ಕಳಚುವ ಕಾಲಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ಆಗ ಅವು ತಿನ್ನುವುದಿಲ್ಲ, ಅಲುಗುವುದಿಲ್ಲ, ತಲೆಯೆತ್ತಿ ಸುಮ್ಮನಿರುತ್ತವೆ. ನನ್ನ ತರಗತಿಯಲ್ಲಿ ನಾನು ಎಂದೂ ಕಾಣದ ಶಿಸ್ತು.

‘ಕೊನೇ ಜ್ವರ ಕಣ್ರೀ ಇದು, ಹುಡುಗಾಟ ಅಂದ್ಕೊಂಡಿದೀರಾ?’ ಎಂದಳು ಸರೋಜ. ಗೋಗರೆದೆ. ಸ್ಟೀಲ್ ಪಾತ್ರೆ ತೊಳೆದುಕೊಟ್ಟೆ. ಕೊನೆಗೆ ಒಪ್ಪಿದಳು. ‘ಹುಳ ಎದ್ದ ತಕ್ಷಣ ನಂಗೆ ಬಾಗ್ಲು ತೆಗೀಬೇಕು, ಸೊಪ್ಪು ಹಾಕ್ಬೇಕು. ಬೆಳೆ ಏನಾದ್ರೂ ಕೆಡ್ಲಿ, ನಿಮ್ ಡಬ್ಬಾನ ಗುಜರಿಗೆ ಹಾಕ್ತೀನಿ. ಆಮೇಲೆ ಬ್ಯಾಂಡೂ ಇಲ್ಲ, ಗೀಂಡೂ ಇಲ್ಲ.’ ಹುಳುಮನೆಗೆ ಚಪ್ಪಲಿ ಇಲ್ಲ, ಪೌಡರ್ ಇಲ್ಲ, ಯಾವ ಸುವಾಸನೆಯೂ ಇಲ್ಲ. ಮಸ್ತಾನನ ಮುಖ ಸಪ್ಪಗಾಯಿತು. ‘ಅತ್ತರ್ ಇಲ್ದೆ ಆಚೆ ಬಂದ್ರೆ ಅಂಗಿ ಇಲ್ದೆ ಬಂದಂಗೆ ಆಗ್ತದೆ ಭಾಬೀ.’ ‘ಹಾಗಾದ್ರೆ ಅಂಗೀನೂ ಬಿಚ್ಚಿಡಪ್ಪಾ, ಅದರಲ್ಲೂ ಘಮ ಐತೆ’ ಎಂದು ಅವಳು ನನ್ನ ಹಳೆಯ ಬನಿಯನ್ ಎಸೆದಳು. ಹೀಗೆ ನಮ್ಮ ಸಿಂಥ್ ಕಲಾವಿದರು ನನ್ನ ತೂತು ಬನಿಯನ್ನಿನಲ್ಲಿ, ಔಷಧಿ ನೀರಿನಲ್ಲಿ ಕಾಲು ತೊಳೆದು, ಒಳಗೆ ಬಂದರು.

ಏಳು ಹಾಡು ಬೆಣ್ಣೆಯಂತೆ ಸಾಗಿದವು. ಎಂಟನೆಯದರಲ್ಲಿ ನನಗೆ ಆವೇಶ ಬಂತು. ಕಣ್ಣು ಮುಚ್ಚಿದೆ, ಸೊಂಟವೂ ಸ್ವಲ್ಪ ಆಡಿರಬಹುದು. ಯಾರೂ ಅಡ್ಡ ಬರದಿರಲೆಂದು ಒಳಗಿನಿಂದ ಚಿಲಕ ಹಾಕಿದ್ದವನೂ ನಾನೇ. ಇದ್ದಕ್ಕಿದ್ದಂತೆ ಹೆಡ್‌ಫೋನಿನಲ್ಲಿ ಸಿಂಥ್ ನಿಂತುಹೋಯಿತು. ಮಸ್ತಾನ್ ಭಾವಪರವಶನಾಗಿ ಬಾರಿಸುವುದನ್ನೇ ಮರೆತನೇನೋ ಎಂದು ಕಣ್ಣು ಬಿಟ್ಟರೆ, ತಟ್ಟೆಗಳಲ್ಲಿ ಹುಳುಗಳೆಲ್ಲ ಎದ್ದು ಊಟಕ್ಕೆ ತಡಕಾಡುತ್ತಿವೆ. ಕಿಟಕಿಯ ಜಾಲರಿಯಾಚೆ ಸೊಪ್ಪಿನ ಹೊರೆ ಹೊತ್ತ ಸರೋಜ, ಕೈಯಲ್ಲಿ ಕಿತ್ತ ಫ್ಯೂಸು. ಎಷ್ಟು ಹೊತ್ತಿನಿಂದ ಬಾಗಿಲು ಬಡಿದಿದ್ದಳೋ! ಸಿಟ್ಟು ನೆತ್ತಿಗೇರಿದರೆ ಅವಳಿಗೆ ತೆಲುಗು ಬರುತ್ತದೆ. ‘ತಲುಪು ತೀಯಯ್ಯಾ ಸ್ವಾಮೀ! ಬಾಗ್ಲು ತೆಗೀರಿ! ಹುಳ ಎಲ್ಲಾ ಹಸ್ಕೊಂಡು ಸಾಯ್ತಾ ಇದಾವೆ, ನೀವು ಕಣ್ಮುಚ್ಕೊಂಡು ನುಲೀತಾ ಇದೀರ!’

ಅಲ್ಲಿಂದ ಮುಂದೆ ನಾನು ಮೇಷ್ಟ್ರೂ ಅಲ್ಲ, ಗಾಯಕನೂ ಅಲ್ಲ, ಹುಳುಗಳ ಆಳು. ಶಾಲೆಗೆ ಹೋಗುವ ಮುಂಚೆ ಸೊಪ್ಪು, ಬಂದ ಮೇಲೆ ಸೊಪ್ಪು. ಒಂದು ಹುಳು ತಲೆ ವಾಲಿಸಿದರೆ ಬಗ್ಗಿ ಅದರ ಯೋಗಕ್ಷೇಮ ವಿಚಾರಿಸುತ್ತಿದ್ದೆ. ಮಸ್ತಾನ್ ದರ್ಗಾದಲ್ಲಿ ಹರಕೆ ಹೊತ್ತ. ಸಿಂಥಸೈಜರ್ ಮಂಚದ ಕೆಳಗೆ ಬೆಡ್‌ಶೀಟ್ ಹೊದ್ದು ಮಲಗಿತ್ತು. ಕೊನೆಗೆ ಹುಳುಗಳು ಮೈ ಹಳದಿಗಟ್ಟಿ ಹಣ್ಣಾದವು, ಬಿದಿರು ತಟ್ಟಿಯ ಚಂದ್ರಿಕೆ ಏರಿದವು, ಗೂಡು ಕಟ್ಟಿದವು. ಎಂಥ ಗೂಡು ಅಂತೀರಿ! ಗಟ್ಟಿಯಾಗಿ, ಒಂದೇ ಸಮನಾಗಿ, ಎಲ್ಲವೂ ಒಟ್ಟಿಗೇ. ಮಾರುಕಟ್ಟೆಯಲ್ಲಿ ನೂಲು ತೆಗೆಯುವ ರೀಲರುಗಳು ಕೈಯಲ್ಲಿ ಹಿಡಿದು ಭೇಷ್ ಎಂದರಂತೆ. ಸಿಂಥ್ ಉಳಿಯಿತು, ಬ್ಯಾಂಡು ಉಳಿಯಿತು! ನಾನೂ ಮಸ್ತಾನನೂ ಹಿತ್ತಲಲ್ಲಿ ಕುಣಿದೆವು. ಅದೇ ಸಂಜೆ, ಎಂಟನೇ ಹಾಡು ಫ್ಯೂಸು ಕಿತ್ತಲ್ಲಿಗೇ ಮುಗಿಯಿತೆಂದುಕೊಂಡು, ಆಲ್ಬಂ ನೆಟ್ಟಿಗೆ ಹಾಕಿ, ಅಭಿಮಾನಿಗಳಿಗಾಗಿ ಕಾದು ಕೂತೆವು.

ಮೊದಲ ಅಭಿಮಾನಿ ಬಂದದ್ದು ತಾಯಲೂರಿನಿಂದ. ವೆಂಕಟಪ್ಪ ಎಂಬ ರೇಷ್ಮೆ ಬೆಳೆಗಾರ, ಸರೋಜಳ ಪರಿಚಯದವರು. ಪೆನ್‌ಡ್ರೈವ್ ಹಿಡಿದು ಬಾಗಿಲಲ್ಲಿ ನಿಂತಿದ್ದರು. ‘ಸಾರ್, ನಿಮ್ ಹಾಡು ಇದಕ್ಕೆ ಹಾಕ್ಕೊಡಿ. ನಮ್ ಹುಳ ಹಣ್ಣಾಗೋಕೆ ಬಂದೈತೆ. ಮ್ಯೂಜಿಕ್ಕು ಬ್ಯಾಡ ಸಾರ್, ಬರೀ ನಿಮ್ ಗೊಂತು ಇದ್ರೆ ಸಾಕು.’ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ‘ಕೇಳಿಸ್ಕೊಂಡ್ಯಾ ಮಸ್ತಾನ್? ಬರೀ ನನ್ನ ಕಂಠ ಸಾಕಂತೆ!’ ಎಂದೆ.

ಒಳಗಿನಿಂದ ಸರೋಜಳ ದನಿ ಬಂತು. ‘ನಾನೇ ಹೇಳಿ ಕಳಿಸ್ದೆ ಕಣ್ರೀ. ಆವತ್ತು ಒಳಗಡೆ ಮ್ಯೂಜಿಕ್ ಎಲ್ಲಿ ಕೇಳ್ತಿತ್ತು? ನಿಮ್ ಗಂಟ್ಲು ಒಂದೇ ತಾನೆ? ಅದನ್ನ ಕೇಳಿದ ಹುಳ ಒಂದೊಂದೂ ಎದ್ವೋ ಬಿದ್ವೋ ಅಂತ ಗೂಡು ಕಟ್ಕೊಂಡು ಒಳಗೆ ಸೇರ್ಕೊಂಡ್ವು. ಪಾಪ, ಅವಕ್ಕೆ ದೇವ್ರು ಅದೊಂದು ದಾರಿ ಕೊಟ್ಟವ್ನೆ. ನಂಗೆ ಏನ್ ಕೊಟ್ಟ?’

ಮಸ್ತಾನ್ ನಕ್ಕು ನಕ್ಕು ಕೆಮ್ಮತೊಡಗಿದ. ವೆಂಕಟಪ್ಪನವರು ನೆಲ ನೋಡಿದರು, ಆದರೆ ಚಾಚಿದ ಪೆನ್‌ಡ್ರೈವ್ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ನಾನು ಗಂಭೀರವಾಗಿ ಅದನ್ನು ಇಸಿದುಕೊಂಡು, ಎಂಟೂ ಹಾಡು ತುಂಬಿಸಿಕೊಟ್ಟೆ. ಕಲಾವಿದನಿಗೆ ಅಭಿಮಾನಿ ಸಿಗುವುದೇ ಅಪರೂಪ. ಸಿಕ್ಕಾಗ, ಯಾಕೆ ಕೇಳುತ್ತೀರಿ ಎಂದು ವಿಚಾರಿಸಲು ಹೋಗಬಾರದು.